ಮಿರಗದ ಮಳೆಗೆ ಮೊದಲು ಆಲ್ಪ್ಸ್ ದಾಟಲು ಹೊರಟದ್ದು

ಔರಾದ

ನಮ್ಮ ಔರಾದ ಸೀಮೆಯಲ್ಲಿ ಯಾರಾದರೂ ದೂರದ ಊರಿಗೆ ಹೊರಟರೆ ಜನ ಮೊದಲು 'ಎಲ್ಲಿಗೆ' ಎಂದು ಕೇಳುವುದಿಲ್ಲ. 'ಮಿರಗದೊಳಗ ತಿರುಗಿ ಬರ್ತೀರಿಲ್ರಿ?' ಎಂದು ಕೇಳುತ್ತಾರೆ. ಮೃಗಶಿರಾ ಮಳೆಗೆ ನಾವು ಮಿರಗ ಎನ್ನುವುದು. ಅದು ಕೂಡಿತೆಂದರೆ ಕರಿ ನೆಲ ರಾಡಿಯಾಗಿ ಬಂಡಿಯ ಅರ್ಧ ಗಾಲಿ ಹೂತುಹೋಗುತ್ತದೆ. ಮಾಂಜ್ರಾ ನದಿ ದಂಡೆ ಮೀರುತ್ತದೆ. ಬೀದರಿಗೆ ಹೋಗಬೇಕಾದವನು ಈ ದಂಡೆಯಲ್ಲಿ ಕುಳಿತು ಆ ದಂಡೆಯನ್ನು ನೋಡುತ್ತ ದಿನ ಕಳೆಯುತ್ತಾನೆ. ಆದ್ದರಿಂದ ದೊಡ್ಡ ಪ್ರಯಾಣವೆಲ್ಲ ಬೇಸಿಗೆಯಲ್ಲೇ ಮುಗಿಯಬೇಕು. ಬಿಸಿಲು ಏರಿದಷ್ಟೂ ರಸ್ತೆ ಗಟ್ಟಿ. ಅಜ್ಜ ಮುತ್ತಜ್ಜರ ಕಾಲದ ಈ ಶಾಸ್ತ್ರವನ್ನೇ ಹಿಡಿದುಕೊಂಡು ನಾನು ಯುರೋಪಿನ ಬೆಟ್ಟ ದಾಟುವ ಯೋಜನೆ ಹಾಕಿದೆ.

ನಾನು ಭಾಲ್ಕಿಯವನು, ಹೆಸರು ಗುರುಪಾದಪ್ಪ. ಔರಾದ ಹತ್ತಿರದ ಒಂದು ಸಣ್ಣ ಜಹಗೀರಿಯಲ್ಲಿ ಕಾರಭಾರಿಯಾಗಿದ್ದೆ. ಜಹಗೀರದಾರರು ತೀರಿಕೊಂಡ ಮೇಲೆ ಅವರ ಪತ್ನಿ ಬೇಗಂ ಸಾಹೇಬರೇ ಪರದೆಯ ಹಿಂದೆ ಕುಳಿತು ಎಲ್ಲ ನೋಡಿಕೊಳ್ಳುತ್ತಿದ್ದರು. ಬೀದರಿನಲ್ಲಿ ಹುಟ್ಟಿದವರು, ಮನೆಮಾತು ದಖನಿಯಾದರೂ ಕನ್ನಡ ನಮ್ಮಷ್ಟೇ ಸಲೀಸು. ಅಷ್ಟು ವರ್ಷ ನೌಕರಿ ಮಾಡಿದರೂ ನಾನು ಅವರ ಮುಖ ಕಂಡವನಲ್ಲ. ದನಿಯಲ್ಲೇ ಸಿಟ್ಟು ಯಾವುದು, ನಗೆ ಯಾವುದು ಎಂದು ತಿಳಿದುಕೊಳ್ಳುತ್ತಿದ್ದೆ.

ಅವರ ಒಬ್ಬನೇ ಮಗ ಕರೀಂ. ನಾನೇ ಎತ್ತಿ ಆಡಿಸಿದ ಹುಡುಗ, ಅದಕ್ಕೇ ಏಕವಚನ. ವಕೀಲಿ ಓದಲು ವಿಲಾಯತಿಗೆ ಹೋಗಿ ಅಲ್ಲಿಯ ಚಳಿಗೆ ಎದೆಯ ರೋಗ ಹಿಡಿಸಿಕೊಂಡ. ಡಾಕ್ಟರರು ಅವನನ್ನು ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲಿನ ಒಂದು ಆಸ್ಪತ್ರೆಗೆ ಕಳಿಸಿದರು. ಶಿವರಾತ್ರಿಯ ಹೊತ್ತಿಗೆ ಅಲ್ಲಿಂದ ತಂತಿ ಬಂತು: ತಾಯಿ ಮಗನನ್ನು ನೋಡುವುದಾದರೆ ಈ ಬೇಸಿಗೆಯಲ್ಲೇ ಬರಲಿ.

"ಹೋಗೂಣು," ಎಂದಿತು ಪರದೆಯ ಹಿಂದಿನ ದನಿ. "ಹಡಗ ಆಗ್ತದ, ಮೋಟಾರ ಆಗ್ತದ. ಕುದುರಿ ಮ್ಯಾಲೆ ಕೂಡು ಅಂದ್ರೂ ಕೂಡ್ತೇನಿ. ಸುರಂಗದಾಗ ಹೋಗೂ ರೈಲ ಮಾತ್ರ ಬ್ಯಾಡ."

"ಯಾಕ್ರಿ ಬೇಗಂ ಸಾಹೇಬ್ರ? ಎಲ್ಲಾರೂ ಹೋಗ್ತಾರಲ್ರಿ."

"ಒಂದಿನ ನೆಲದ ಒಳಗ ಹೋಗೂದು ಇದ್ದೇ ಅದಲ್ಲ ಗುರುಪಾದ. ಈಗೇ ಏನ್ ಅವಸರ ಅದ?"

ದನಿಯಲ್ಲಿ ನಗೆ ಇತ್ತು, ಆದರೆ ಮಾತು ಅಲ್ಲಿಗೇ ಮುಗಿಯಿತೆಂದೂ ತಿಳಿಯಿತು. ಹೈದರಾಬಾದಿನಿಂದ ಯುರೋಪಿನ ನಕಾಶೆ ತರಿಸಿ ಕಚೇರಿಯ ಜಮಖಾನೆಯ ಮೇಲೆ ಹರಡಿದೆ. ಗಾಳಿಗೆ ಹಾರದಿರಲೆಂದು ಮೂಲೆಗಳಿಗೆ ಬೆಲ್ಲದ ಪೆಂಟೆ ಇಟ್ಟೆ. ಮರುದಿನ ನೋಡಿದರೆ ಇಟಲಿಯ ತುಂಬ ಇರುವೆ. ಇರುವೆ ಜಾಡಿಸಿ ದಾರಿ ಹುಡುಕಿದೆ. ಜಿನೋವಾ ಬಂದರದಲ್ಲಿ ಹಡಗು ಇಳಿಯುವುದು, ಅಲ್ಲಿಂದ ಉತ್ತರಕ್ಕೆ ಮೋಟಾರಿನಲ್ಲಿ ಹೋಗುವುದು. ಮುಂದೆ ರೈಲಿನ ಗೆರೆ ಚುಕ್ಕಿ ಚುಕ್ಕಿಯಾಗಿ ಬೆಟ್ಟದ ಬುಡದಲ್ಲಿ ಅಡಗಿ ಆಚೆ ಏಳುತ್ತಿತ್ತು, ಅದೇ ಸುರಂಗ. ಅದರ ನೆತ್ತಿಯ ಮೇಲೆ ಸುತ್ತಿ ಸುತ್ತಿ ಹತ್ತುವ ಬಂಡಿರಸ್ತೆ, ಸಿಂಪ್ಲೋನ್ ಘಾಟು. ನಮ್ಮ ದಾರಿ ಅದೇ.

ಮುಂಬಯಿಯ ಹಡಗಿನ ಕಚೇರಿಗೆ ಬರೆದು ಕೇಳಿದೆ. ಅಲ್ಲಿ ಮಳೆ ಯಾವಾಗ? ಹೊಳೆಗಳಿಗೆ ಸೇತುವೆಯೋ ದೋಣಿಯೋ? ಕಳ್ಳರ ಭಯವುಂಟೋ? ದಾರಿಯಲ್ಲಿ ಸಿಹಿನೀರು ಸಿಕ್ಕೀತೋ? ಎಲ್ಲಕ್ಕೂ ಸಮಾಧಾನದ ಉತ್ತರ ಬಂತು. ಮೇ ತಿಂಗಳಲ್ಲಿ ಹವೆ ಬಹಳ ಚಂದ ಎಂದೂ ಬರೆದಿದ್ದರು. ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿತು. ನಾನು ಕೇಳದೇ ಉಳಿದದ್ದೇ ದಾರಿಗೆ ಅಡ್ಡ ಕುಳಿತಿತ್ತು.

"ರೋಹಿಣಿಯೊಳಗ ಘಾಟ ದಾಟಿಬಿಡಬೇಕ್ರಿ," ಎಂದೆ ಪರದೆಗೆ ಮುಖ ಮಾಡಿ. "ಮಿರಗ ಕೂಡಿದ್ರ ಯಾರ ಕೈಯಾಗೂ ಇಲ್ಲ."

"ಶಾಬಾಸ್," ಎಂದರು ಬೇಗಂ ಸಾಹೇಬರು. ನನ್ನ ಎದೆ ಒಂದು ಗೇಣು ಉಬ್ಬಿತು.

ಭಾಲ್ಕಿಯಲ್ಲಿ ನನ್ನ ಹೆಂಡತಿ ನೀಲಮ್ಮ ಮಾತ್ರ ಉಬ್ಬಲಿಲ್ಲ. ಖಡಕ್ ರೊಟ್ಟಿ ತಟ್ಟಿ ತಟ್ಟಿ ಡಬ್ಬಿ ತುಂಬಿಸುತ್ತ, "ಬೀದರಿಗಿ ಹೊಂಟ್ರ ಮೂರ ಸಲ ಮನಿಗಿ ತಿರುಗಿ ಬರ್ತೀರಿ, ಛತ್ರಿ ಮರ್ತೆ, ಚಸ್ಮಾ ಮರ್ತೆ ಅಂತ. ವಿಲಾಯತಿಂದ ಹ್ಯಾಂಗ ತಿರುಗಿ ಬರ್ತೀರಿ?" ಎಂದಳು. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಗಂಟನ್ನು ಎರಡೆರಡು ಬಟ್ಟೆಯಲ್ಲಿ ಕಟ್ಟಿದಳು. ಕಣ್ಣೀರು ಒರೆಸಿಕೊಂಡು ತಪ್ಪನ್ನು ಒಲೆಯ ಹೊಗೆಯ ತಲೆಗೆ ಕಟ್ಟಿದಳು.

ಹೊರಡುವ ದಿನ ಬೇಗಂ ಸಾಹೇಬರ ಸೇವಕಿ ರಹಿಮತ್‌ಬಿ ಹಸಿರು ಬಟ್ಟೆಯಲ್ಲಿ ಸುತ್ತಿದ ಬೆಳ್ಳಿ ರೂಪಾಯಿಯನ್ನು ಒಡತಿಯ ತೋಳಿಗೆ ಕಟ್ಟಿ, ಅಂಥದೇ ಇನ್ನೊಂದನ್ನು ನನ್ನ ಬಲತೋಳಿಗೂ ಕಟ್ಟಿದಳು. ಇಮಾಮ್ ಜಾಮಿನ್ ಎನ್ನುತ್ತಾರೆ; ಪ್ರಯಾಣ ಹೊರಟವರನ್ನು ಕಾಯುತ್ತದಂತೆ. ಸುಖವಾಗಿ ಮುಟ್ಟಿದ ಮೇಲೆ ಬಿಚ್ಚಿ ಬಡವರಿಗೆ ಕೊಡಬೇಕು. ಎದೆಯ ಮೇಲೆ ಇಷ್ಟಲಿಂಗ, ತೋಳಿನ ಮೇಲೆ ಇಮಾಮ್ ಜಾಮಿನ್. ನನ್ನಷ್ಟು ಬಂದೋಬಸ್ತಾಗಿ ಹೊರಟ ಮನುಷ್ಯ ಇಡೀ ನಿಜಾಮರ ರಾಜ್ಯದಲ್ಲಿ ಇದ್ದಿರಲಾರ.

ಖಂಡಾಳಾ

ಆಗ ಬೀದರಿಗೆ ರೈಲು ಬಂದಿರಲಿಲ್ಲ. ಕಲಬುರ್ಗಿಗೆ ಮೋಟಾರಿನಲ್ಲಿ ಹೋಗಿ ಮುಂಬಯಿ ರೈಲು ಹಿಡಿದೆವು. ಪುಣೆ ದಾಟಿದ ಮೇಲೆ ಆ ರೈಲು ಘಟ್ಟದ ಹೊಟ್ಟೆ ಕೊರೆದುಕೊಂಡು ಇಳಿಯುತ್ತದೆ. ನಾವು ಮೇಲೆಯೇ ಇಳಿದುಕೊಂಡು ಬಾಡಿಗೆ ಮೋಟಾರಿನಲ್ಲಿ ಖಂಡಾಳಾ ಘಾಟು ಇಳಿದೆವು. ತಿರುವು ತಿರುವಿಗೂ ರಹಿಮತ್‌ಬಿ ದೇವರ ಹೆಸರು ಹೇಳಿದಳು. ಕೆಳಗೆ ರೈಲೊಂದು ಸುರಂಗದ ಬಾಯಿಗೆ ನುಗ್ಗಿ ಮಾಯವಾದಾಗ ಹಿಂದಿನಿಂದ ಬೇಗಂ ಸಾಹೇಬರ ಉಸಿರು ತಡೆದದ್ದು ನನಗೂ ಕೇಳಿಸಿತು. ಆಚೆಯಿಂದ ರೈಲು ಹೊರಬಿದ್ದ ಮೇಲೇ ಅವರು ಉಸಿರು ಬಿಟ್ಟರು. ಅಂದೇ ಕೇಳಬಹುದಿತ್ತು, ಕೇಳಲಿಲ್ಲ. ನಮ್ಮ ಯೋಜನೆ ಇಷ್ಟು ಸಲೀಸಾಗಿ ಕೂಡಿಬಂತಲ್ಲ ಎಂಬ ಹಿಗ್ಗಿನಲ್ಲಿದ್ದೆ.

ಜಿನೋವಾ

ಹಡಗಿನ ವರ್ಣನೆ ಮಾಡುವುದಿಲ್ಲ. ಅದರ ಹೆಚ್ಚು ಭಾಗ ನಾನು ಕಣ್ಣು ಮುಚ್ಚಿಯೇ ಮಲಗಿದ್ದೆ. ಜಿನೋವಾದಲ್ಲಿ ಸುಂಕದ ಅಧಿಕಾರಿಯೊಬ್ಬ ನನ್ನ ಕೊರಳಿನ ಬೆಳ್ಳಿಯ ಕರಡಿಗೆ ನೋಡಿ ಬಿಚ್ಚು ಎಂದು ಸನ್ನೆ ಮಾಡಿದ. ಬಿಚ್ಚಿ ಅಂಗೈ ಮೇಲೆ ಲಿಂಗ ಹಿಡಿದು ತೋರಿಸಿದೆ, ಮುಟ್ಟಕೂಡದು ಎಂದೂ ಸನ್ನೆ ಮಾಡಿದೆ. ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತನ್ನ ಅಂಗಿಯ ಗುಂಡಿ ಬಿಚ್ಚಿ, ಕೊರಳಲ್ಲಿದ್ದ ಸಣ್ಣ ಬೆಳ್ಳಿ ಬಿಲ್ಲೆ ಹೊರಗೆಳೆದು ತೋರಿಸಿ, 'ಮಮ್ಮಾ' ಎಂದ. ತಾಯಿ ಕಟ್ಟಿದ್ದು ಎಂದು ಅರ್ಥವಾಗಲು ಯಾವ ಭಾಷೆಯೂ ಬೇಕಿರಲಿಲ್ಲ. ಪೆಟ್ಟಿಗೆಗಳನ್ನು ತೆರೆಸದೆಯೇ ಕಳಿಸಿಬಿಟ್ಟ. ಹಿಂಡಿಯ ಗಂಟು ಬಚಾವಾಯಿತು.

ಗೊತ್ತುಮಾಡಿದ್ದ ಮೋಟಾರಿನ ಡ್ರೈವರ್ ಪಿಯೆತ್ರೊ ದಪ್ಪ ಮೀಸೆಯ ಆಸಾಮಿ. ಎರಡೂ ಕೈ ಸ್ಟಿಯರಿಂಗಿನಿಂದ ತೆಗೆಯದೆ ಅವನಿಗೆ ಮಾತೇ ಬರುತ್ತಿರಲಿಲ್ಲ. ಹೊರಡುವ ಮೊದಲು ಬೇಗಂ ಸಾಹೇಬರು ಅವನ ತೋಳಿಗೂ ಹಸಿರು ಬಟ್ಟೆ ಕಟ್ಟಿಸಿದರು. "ಅಂವ ನೆಟ್ಟಗ ಮುಟ್ಟಿದ್ರ ನಾವೂ ಮುಟ್ತೇವಲ್ಲ," ಎಂದರು. ಪಿಯೆತ್ರೊ ಅದನ್ನು ಬಿಚ್ಚಲೇ ಇಲ್ಲ. ನಕಾಶೆ ತೋರಿಸಿ, ಬೆರಳಿನಿಂದ ಘಾಟು ಹತ್ತಿ ಇಳಿಸಿದಾಗ ಮಾತ್ರ ಹೆಗಲು ಕುಣಿಸಿ ಏನೋ ಉದ್ದಕ್ಕೆ ಹೇಳಿದ. ನಾನು ಅದನ್ನು 'ಹೋಗೋಣ, ಅದಕ್ಕೇನು' ಎಂದು ತಿಳಿದೆ. ಮನಸ್ಸಿನಲ್ಲಿ ಗೊತ್ತುಮಾಡಿಬಿಟ್ಟ ದಾರಿಗೆ ಹೆಗಲ ಕುಣಿತ ಅಡ್ಡ ಬರುತ್ತದೆಯೇ?

ಗದ್ದೆಯ ಬಯಲು

ಸಮುದ್ರದ ಗುಡ್ಡ ದಾಟಿದರೆ ಉತ್ತರಕ್ಕೆ ಕಣ್ಣು ಹರಿದಷ್ಟೂ ಬಯಲು, ಬಯಲಿನ ತುಂಬ ನೀರು ನಿಂತ ಭತ್ತದ ಗದ್ದೆ. ಇಟಲಿಯಲ್ಲಿ ಭತ್ತ ಬೆಳೆಯುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಹೆಂಗಸರು ಸೀರೆ ಕಚ್ಚೆ ಹಾಕಿದ ಹಾಗೆ ಲಂಗ ಎತ್ತಿಕಟ್ಟಿ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಕಳೆ ಕೀಳುತ್ತಿದ್ದರು. ಹಾಡುತ್ತಲೂ ಇದ್ದರು. ಒಬ್ಬಳು ಎತ್ತಿಕೊಟ್ಟರೆ ಉಳಿದವರು ಹಿಡಿಯುವುದು ನಮ್ಮ ಹೊಲದ ಹೆಂಗಸರ ರೀತಿಯೇ.

ಅಲ್ಲಿ ಟೈರು ಪಂಕ್ಚರ್ ಆಯಿತು. ಪಿಯೆತ್ರೊ ಕೆಳಗೆ ಮಲಗಿ ಏನೇನೋ ಒದರತೊಡಗಿದ, ದೇವರಾಣೆ ಬೈಗುಳವೇ ಇರಬೇಕು. ಸೆಖೆ ತಾಳಲಾರದೆ ಬೇಗಂ ಸಾಹೇಬರು ಕರಿ ಬುರ್ಖಾದಲ್ಲೇ ಇಳಿದು ಮರದ ನೆರಳಿಗೆ ನಿಂತರು. ಗದ್ದೆಯ ಹಾಡು ನಿಂತಿತು. ಹೆಂಗಸರು ಒಬ್ಬೊಬ್ಬರಾಗಿ ಕೈ ಒರೆಸಿಕೊಂಡು ಬಂದರು. ಮುದುಕಿಯೊಬ್ಬಳು ಮಣ್ಣಿನಲ್ಲೇ ಮಂಡಿಯೂರಿ ಬೇಗಂ ಸಾಹೇಬರ ಕೈಗೆ ಮುತ್ತಿಟ್ಟಳು. ಅವರ ಮಠಗಳಲ್ಲಿ ಕರಿ ಬಟ್ಟೆ ಹೊದ್ದ ಸನ್ಯಾಸಿನಿಯರಿರುತ್ತಾರೆ; ಇವರೂ ಅಂಥವರೆಂದು ತಿಳಿದಳು. ನಾನು ತಡೆಯಲು ಹೋದೆ.

"ಇರಲಿ ಬಿಡು," ಎಂದರು ಬೇಗಂ ಸಾಹೇಬರು. "ಆಕಿ ಕೈ ನೋಡು, ನೀರಾಗ ನೆನದು ಹ್ಯಾಂಗ ಆಗ್ಯಾವ. ನಾ ಏನ್ ಕೊಡ್ಲಿ ಆಕಿಗಿ?"

ಯಾಲಕ್ಕಿ ಡಬ್ಬಿ ತೆಗೆದು ಎಲ್ಲರ ಅಂಗೈಗೂ ಹಾಕಿದರು. ಮುದುಕಿ ಯಾಲಕ್ಕಿ ಮೂಸಿ ನೋಡಿ ಕೇಳಿದ್ದನ್ನು ಪಿಯೆತ್ರೊ ನನಗೆ ಕೈಯಲ್ಲಿ ತೊಟ್ಟಿಲು ತೂಗಿ ತೋರಿಸಿದ: ಮಕ್ಕಳೆಷ್ಟು? ಬೇಗಂ ಸಾಹೇಬರು ಒಂದು ಬೆರಳೆತ್ತಿ, ಅದೇ ಬೆರಳನ್ನು ಉತ್ತರದ ಬೆಟ್ಟಗಳ ಕಡೆ ತೋರಿಸಿದರು. ಬಿಳಿಯ ನುಣುಪಾದ ಬೆಟ್ಟಗಳು ಆಗಷ್ಟೇ ಆಕಾಶದ ಅಂಚಿನಲ್ಲಿ ಕಾಣತೊಡಗಿದ್ದವು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಬಾಲ್ಯದಿಂದಲೂ ಹೇಳುತ್ತ ಬಂದಿದ್ದೇನೆ, ಆ ಹೊತ್ತಿಗೆ ಮಾತ್ರ ನೆನಪಾಗಲಿಲ್ಲ.

ಘಾಟಿನ ಬುಡ

ಡೊಮೊಡೊಸ್ಸೊಲಾ ಎಂಬುದು ಘಾಟಿನ ಬುಡದ ಊರು. ನಾವು ಇಳಿದುಕೊಂಡ ವಸತಿಯ ಯಜಮಾನಿ ಹಿಂದೆ ಇಂಗ್ಲಿಷರ ಮನೆಯಲ್ಲಿ ಕೆಲಸ ಮಾಡಿದವಳು. ನನ್ನ ಹರಕು ಇಂಗ್ಲಿಷಿಗೆ ಅವಳ ಹರಕು ಇಂಗ್ಲಿಷು ಸರಿಯಾಗಿ ಕೂಡಿತು. ನಾಳೆ ಮುಂಜಾನೆ ಘಾಟು ಹತ್ತುತ್ತೇವೆ ಎಂದೆ. ಅವಳು ಸಾರಿನ ಚಮಚ ಹಿಡಿದೇ ನಿಂತುಬಿಟ್ಟಳು.

"ಯಾವ ದಾರಿ? ದಾರಿ ಇನ್ನೂ ಹಿಮದ ಕೆಳಗಿದೆಯಲ್ಲ. ಈ ವರ್ಷ ಬಹಳ ಬಿದ್ದಿದೆ."

"ಇಷ್ಟು ಬಿಸಿಲಿದೆಯಲ್ಲ ತಾಯಿ?"

"ಬಿಸಿಲಿರುವುದಕ್ಕೇ ಈಗ ಭಯ ಹೆಚ್ಚು. ಹಿಮ ಸಡಿಲಾಗಿ ಮೇಲಿನಿಂದ ಜಾರಿ ಬೀಳುತ್ತದೆ. ಜೂನ್ ಕಳೆಯುವ ಹೊತ್ತಿಗೆ ಬನ್ನಿ, ಚೆನ್ನಾಗಿ ಹೋಗಬಹುದು."

ಜೂನ್ ಕಳೆಯುವ ಹೊತ್ತು! ನಮ್ಮ ಮಿರಗ ಕೂಡಿ, ಮಾಂಜ್ರಾ ತುಂಬಿ, ಔರಾದಿನ ದಾರಿ ಮುಚ್ಚುವ ಹೊತ್ತಿಗೆ ಇವರ ದಾರಿ ತೆರೆಯುತ್ತದೆ. ನಂಬಲಾರದೆ ಮರುದಿನ ಪಿಯೆತ್ರೊನನ್ನು ಕರೆದುಕೊಂಡು ಹೋದೆವು. ದಾರಿ ಎಷ್ಟೋ ದೂರ ಚೆನ್ನಾಗಿಯೇ ಹತ್ತಿತು. ಒಂದು ತಿರುವಿನಲ್ಲಿ ಎದುರಿಗೆ ಬಿಳಿಯ ಗೋಡೆ ನಿಂತಿತ್ತು, ನಮ್ಮ ಬೀದರ ಕೋಟೆಯ ಅಗಸೆಬಾಗಿಲಷ್ಟು ಎತ್ತರ. ಕೂಲಿಗಳು ಸಲಿಕೆ ಹಿಡಿದು ಅದರ ಬುಡ ಕೆರೆಯುತ್ತಿದ್ದರು. ಪಿಯೆತ್ರೊ ನನ್ನ ಕಡೆ ತಿರುಗಿ ಹೆಗಲು ಕುಣಿಸಿದ. ಈ ಸಲ ಅರ್ಥವಾಯಿತು.

ಬೇಗಂ ಸಾಹೇಬರು ಇಳಿದು ಹೋಗಿ ಬುರ್ಖಾದಿಂದ ಕೈ ಹೊರಗೆ ಚಾಚಿ ಆ ಗೋಡೆಯನ್ನು ಮುಟ್ಟಿದರು.

"ಇದು ಇವರ ಮಾಂಜ್ರಾ ಏನ್ ಗುರುಪಾದ?"

"ಹೌದ್ರಿ." ನಾನು ನೆಲ ನೋಡುತ್ತ ಹೇಳಿದೆ. "ಮಳಿ ಕೇಳ್ದೆ, ಹೊಳಿ ಕೇಳ್ದೆ, ಕಳ್ಳರನ್ನ ಕೇಳ್ದೆ. ಇದನ್ನ ಕೇಳೂದು ಹೊಳೀಲೇ ಇಲ್ರಿ."

"ನಾವು ಕಂಡದ್ದು ಮಳಿ ಒಂದೇ ಅಲ್ಲೇನು? ನನಗರ ಎಲ್ಲಿ ಹೊಳದಿತ್ತು," ಎಂದರು. ಬೈದಿದ್ದರೆ ಹಗುರಾಗುತ್ತಿದ್ದೆನೇನೋ.

ಆಸ್ಪತ್ರೆಗೆ ತಂತಿ ಕೊಟ್ಟು, ಕೆಲವು ವಾರ ತಡವಾದೀತು, ನಡೆದೀತೇ ಎಂದು ಕೇಳಿದೆ. ಸಂಜೆಗೆ ಉತ್ತರ ಬಂತು: ತಡ ಮಾಡಬೇಡಿ. ಅಷ್ಟೇ.

ಅದನ್ನು ಓದಿ ಹೇಳಿದಾಗ ಬೇಗಂ ಸಾಹೇಬರು ವಸತಿಯ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಕುಳಿತಿದ್ದರು. ನಾನು ತುಸು ದೂರದ ಮೆಟ್ಟಿಲ ಮೇಲೆ ಕುಳಿತೆ. ಎದುರಿಗೆ ರೈಲುದಾರಿ ಕಾಣುತ್ತಿತ್ತು. ಅವರು ಅದನ್ನು ನೋಡುತ್ತಲೇ ಮಾತು ತೆಗೆದರು.

"ನೌಬಾದದಾಗ ನಮ್ಮಜ್ಜನ ಮನಿ ಹಿಂದ ಸುರಂಗ ಬಾವಿ ಇತ್ತು. ನೀ ನೋಡೀಯಲ್ಲ?"

ನೋಡಿದ್ದೆ. ಬೀದರಿನ ನೆಲದಡಿ ಹಳೆಯ ಸುಲ್ತಾನರ ಕಾಲದ ನೀರಿನ ಕಾಲುವೆಗಳು ಕತ್ತಲಲ್ಲಿ ಹರಿಯುತ್ತವೆ. ಅಲ್ಲಲ್ಲಿ ಬಾವಿಯಂತೆ ಬಾಯಿ ಬಿಟ್ಟಿರುತ್ತವೆ.

"ನಮ್ಮಣ್ಣ ಹಮೀದ ಕೊಡ ತೆಗಿತೇನಂತ ಇಳದ. ಒಳಗ ಹೋಗಿ ನನ್ನ ಹೆಸರ ಹಿಡದು ಒದರ್ತಿದ್ದ, ಅಂಜಸ್ಲಿಕ್ಕ. ನಾ ದಂಡಿ ಮ್ಯಾಲೆ ಕೂತು ನಗ್ತಿದ್ದೆ. ಆಮ್ಯಾಲ ದನಿ ಬರಲಿಲ್ಲ. ದೊಡ್ಡವರು ಬರೂತನಕ ನಾ ಅಲ್ಲೇ ಕೂತಿದ್ದೆ. ನೀರ ಅವನ್ನ ಎಲ್ಲಿಗಿ ಒಯ್ತೋ, ಸಿಗಲೇ ಇಲ್ಲ."

ಇಷ್ಟು ವರ್ಷ ಅದನ್ನು ನಗೆಮಾತಿನಲ್ಲಿ ಮುಚ್ಚಿಟ್ಟುಕೊಂಡು ಬಂದಿದ್ದರಲ್ಲ ಎಂದು ಸಂಕಟವಾಯಿತು. ಅವರೇ ಮುಂದುವರಿಸಿದರು:

"ಈಗ ಘಾಟ ತೆರಿಯೂತನಕ ಇಲ್ಲೇ ಕೂತ್ರ, ಮತ್ತ ಬಾವಿ ದಂಡಿ ಮ್ಯಾಲೆ ಕೂತಂಗೇ ಆಗ್ತದ. ಅಂವ ಒಳಗ ಒದರ್ತಿರ್ತಾನ, ನಾ ಹೊರಗ ಇರ್ತೇನಿ. ಬ್ಯಾಡ. ಮುಂಜಾನಿ ರೈಲಿಗಿ ಟಿಕೀಟ ತಗೋ."

ಸುರಂಗ

ಪಿಯೆತ್ರೊ ಸ್ಟೇಷನ್ನಿನ ತನಕ ಬಂದು ಪೆಟ್ಟಿಗೆ ಏರಿಸಿಕೊಟ್ಟ. ರೈಲು ಹೊರಟಾಗ ತೋಳಿನ ಹಸಿರು ಗಂಟನ್ನು ಮುಟ್ಟಿ ತೋರಿಸಿದ. ನಮ್ಮ ಡಬ್ಬಿಯಲ್ಲಿ ನಾವೇ ಮೂವರು. ರಹಿಮತ್‌ಬಿ ಆಗಲೇ ಕಣ್ಣು ಮುಚ್ಚಿ ಒಡತಿಯ ಕೈ ಹಿಡಿದುಕೊಂಡಿದ್ದಳು. ಯಾರು ಯಾರಿಗೆ ಧೈರ್ಯ ಕೊಡುತ್ತಿದ್ದರೋ ತಿಳಿಯಲಿಲ್ಲ.

ಬೆಟ್ಟ ಹತ್ತಿರ ಬಂತು. ಬೆಳಕು ಒಮ್ಮೆಲೇ ಕಡಿದುಹೋಯಿತು. ಕಿವಿಯಲ್ಲಿ ಭೋರೆಂಬ ಸದ್ದು. ಮಾಡಿನಲ್ಲಿ ಸಣ್ಣದೊಂದು ವಿದ್ಯುದ್ದೀಪ ಉರಿಯಿತು. ಬೇಗಂ ಸಾಹೇಬರು ಏದುಸಿರು ಬಿಡುತ್ತಿದ್ದರು. ನಾನು ಎದ್ದು ನಿಲ್ಲುವಷ್ಟರಲ್ಲಿ ಅವರ ಕೈ ಮೇಲೆದ್ದಿತು. ಬುರ್ಖಾದ ಮುಸುಕನ್ನು ಹಿಂದಕ್ಕೆ ಎತ್ತಿ ಹಾಕಿದರು.

"ಕತ್ತಲಿ ಮ್ಯಾಲೆ ಕತ್ತಲಿ ಯಾಕ ಹೊದ್ದುಕೊಂಡು ಕೂಡ್ಲಿ?" ಎಂದರು.

ನಾನು ತಟ್ಟನೆ ಕಿಟಕಿಯ ಕಡೆ ಮುಖ ತಿರುಗಿಸಿದೆ. ಆದರೆ ಹೊರಗೆ ಕತ್ತಲೆಯಿದ್ದುದರಿಂದ ಗಾಜು ಕನ್ನಡಿಯಾಗಿತ್ತು. ಸಣ್ಣ ಮುಖ, ಸುಕ್ಕುಗಟ್ಟಿದ ಗದ್ದ, ಕರೀಮನದೇ ಮೂಗು. ಕಣ್ಣುಗಳನ್ನು ಮಾತ್ರ ಮುಚ್ಚಿರಲಿಲ್ಲ. ಅಗಲಕ್ಕೆ ತೆರೆದು ಕತ್ತಲೆಯನ್ನೇ ನೋಡುತ್ತಿದ್ದರು. ನಾನು ತಲೆ ತಗ್ಗಿಸಿದೆ.

"ಗುರುಪಾದ, ಏನರ ಮಾತಾಡೋ. ನಿನ್ನ ದನಿ ಕೇಳಸ್ತಿರಲಿ."

ಆ ಹೊತ್ತಿನಲ್ಲಿ ಯಾವ ಮಾತು? ಬಾಯಿಗೆ ಬಂದದ್ದು ನನಗೆ ಚೆನ್ನಾಗಿ ಗೊತ್ತಿರುವ ದಾರಿಯೊಂದೇ. "ಈಗ ಔರಾದ ಬಿಟ್ಟೇವ್ರಿ," ಎಂದೆ. "ಎತ್ತು ಹುರುಪಿಲೇ ಹೊಂಟಾವ. ಎಡಕ್ಕ ಜ್ವಾಳದ ಹೊಲ. ಈಗ ಸಂತಪುರ ಬಂತ್ರಿ, ಹುಣಸಿ ಗಿಡದ ನೆಳ್ಳಿಗಿ ಎತ್ತಿಗಿ ನೀರ ಕುಡಸ್ತೇನಿ."

"ಭಾಳೊತ್ತು ನಿಂದರಬ್ಯಾಡ," ಎಂದರು. ದನಿ ನಡುಗುತ್ತಿತ್ತು.

"ಇಲ್ರಿ, ಹೊಂಟೇಬಿಟ್ವಿ. ಕೌಠಾ ಬಂತು."

"ಹೊಳಿ?"

"ಮುಂದೇ ಅದ್ರಿ. ಬ್ಯಾಸಗಿ ಹೊಳಿ, ನೀರ ಮೊಣಕಾಲ ಮಟ. ಗಾಲಿ ಇಳದ್ವು. ಸಾವಕಾಶ, ಸಾವಕಾಶ... ಏರಿದ್ವಿ ನೋಡ್ರಿ ಆ ದಂಡಿ."

ಅವರು ಉಸಿರು ಬಿಟ್ಟದ್ದು ಕೇಳಿಸಿತು. ರಹಿಮತ್‌ಬಿಯೂ ಕಣ್ಣು ತೆರೆದು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಜನವಾಡ ದಾಟಿಸಿದೆ. ಸುರಂಗ ಮುಗಿಯದಿದ್ದುದರಿಂದ ಇಲ್ಲದ ಎರಡು ಊರು ಸೇರಿಸಿದೆ. "ಇದ್ಯಾವ ಊರೋ, ನಾ ಕೇಳೇ ಇಲ್ಲ," ಎಂದು ಬೇಗಂ ಸಾಹೇಬರು ತಕರಾರು ತೆಗೆದರು. ತಕರಾರು ತೆಗೆಯುವಷ್ಟು ಧೈರ್ಯ ಬಂತಲ್ಲ ಎಂದು ನನ್ನ ಜೀವಕ್ಕೆ ಜೀವ ಬಂತು.

"ಬೀದರ ಕೋಟಿ ಕಾಣಸ್ಲಿಕ್ಕ ಹತ್ತೇದ್ರಿ," ಎಂದು ಮೂರನೆಯ ಸಲ ಹೇಳುತ್ತಿರುವಾಗ ಗಾಜು ಬಿಳುಪಾಯಿತು. ಬೆಳಕು ಡಬ್ಬಿಯೊಳಗೆ ಸುರಿಯಿತು. ಬೇಗಂ ಸಾಹೇಬರು ಮುಸುಕು ಇಳಿಸಿಕೊಂಡರು.

ಬೆಟ್ಟದ ಮೇಲೆ

ಆಸ್ಪತ್ರೆಯ ಉದ್ದನೆಯ ಬಿಸಿಲುಮಾಡದಲ್ಲಿ ರೋಗಿಗಳನ್ನು ಕಂಬಳಿ ಹೊದಿಸಿ ಸಾಲಾಗಿ ಮಲಗಿಸಿದ್ದರು, ನಮ್ಮಲ್ಲಿ ಹಪ್ಪಳ ಒಣಹಾಕಿದ ಹಾಗೆ. ಬಿಸಿಲೇ ಅಲ್ಲಿ ಔಷಧವಂತೆ. ಬಿಸಿಲು ತಪ್ಪಿಸಿಕೊಳ್ಳುವುದನ್ನೇ ಜೀವಮಾನವಿಡೀ ಕಲಿತ ನನಗೆ ಇದೂ ಹೊಸದು. ಕೊನೆಯ ಮಂಚದ ಮೇಲೆ ಕರೀಂ. ಮುಖ ಬಿಸಿಲಿಗೆ ಕಂದಿತ್ತು, ಕೈ ಮಾತ್ರ ಕಡ್ಡಿಯಾಗಿತ್ತು. ಎತ್ತಿ ಆಡಿಸಿದ ಹುಡುಗನನ್ನು ಹಾಗೆ ನೋಡಿ ನನಗೆ ಅಳು ತಡೆಯಲಾಗಲಿಲ್ಲ.

"ಅಮ್ಮೀ!" ಎಂದ. ಆಮೇಲೆ ನನ್ನ ಕಡೆ, "ಘಾಟ ಇನ್ನೂ ಮುಚ್ಚೇದ ಅಂತಾರಲ್ಲ ಕಾಕಾ, ಹ್ಯಾಂಗ ಬಂದ್ರಿ?"

ಬೇಗಂ ಸಾಹೇಬರು ಮಂಚದ ಅಂಚಿಗೆ ಕುಳಿತು ಮುಸುಕು ಸರಿಸಿದರು.

"ನೆಲದ ಒಳಗಿಂದ ಬಂದೆ ಬೇಟಾ."

ಕರೀಮನಿಗೆ ಸೋದರಮಾವ ಹಮೀದನ ಕಥೆ ಗೊತ್ತಿದ್ದಿರಬೇಕು. ತಾಯಿಯ ಮುಖವನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಅವರು ತಮ್ಮ ತೋಳಿನ ಹಸಿರು ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಮುಟ್ಟಿದ ಮೇಲೆ ಬಡವರಿಗೆ ಕೊಡಬೇಕಾದ ರೂಪಾಯಿ ಅದು. ಅದನ್ನು ಮಗನ ಕಡ್ಡಿಯಂಥ ತೋಳಿಗೆ ಎರಡು ಸುತ್ತು ಸುತ್ತಿ ಬಿಗಿಯಾಗಿ ಕಟ್ಟಿದರು. ಮುಂದಿನ ಪ್ರಯಾಣ ಅವನದು ಎಂದು ಮೂವರಿಗೂ ಗೊತ್ತಿತ್ತು.

ಕರೀಂ ಆ ಗಂಟನ್ನು ಮುಟ್ಟಿ ನೋಡಿಕೊಂಡು, ಮೆಲ್ಲಗೆ, ಸಣ್ಣವನಿದ್ದಾಗ ಕೇಳುತ್ತಿದ್ದ ದನಿಯಲ್ಲೇ ಕೇಳಿದ:

"ಒಳಗ ಕತ್ತಲಿ ಭಾಳ ಇತ್ತೇನ್ ಅಮ್ಮೀ?"

"ಭಾಳ ಇತ್ತು," ಎಂದರು ಬೇಗಂ ಸಾಹೇಬರು. "ಖರೆ, ಆ ಕಡಿಗೂ ಬಾಗಲಾ ಅದ ಬೇಟಾ. ನಾ ನೋಡಿ ಬಂದೇನಿ."